ಫೈ ಆಧಾರದಲ್ಲಿ 11 ಎಷ್ಟು ಚೆಂದ!

ಸಂಖ್ಯೆ ಬರೆಯಲು ಆಧಾರ, ಅಂದರೆ ಒಂದೊಂದು ಸ್ಥಾನ ಎಡಕ್ಕೆ ಹೋದಂತೆ ಬೆಲೆ ಎಷ್ಟು ಪಟ್ಟು ಏರುತ್ತದೋ ಆ ಸಂಖ್ಯೆ, ಪೂರ್ಣ ಸಂಖ್ಯೆಯೇ ಆಗಬೇಕು ಅಂತ ಯಾವ ನಿಯಮವೂ ಇಲ್ಲ. ಹತ್ತು, ಎರಡು, ಹದಿನಾರು ನಮಗೆ ರೂಢಿಯಾಗಿವೆ, ಅಷ್ಟೇ. 1.6180339… ಅಂತ ಕೊನೆಯೇ ಇಲ್ಲದೆ ಸಾಗುವ ಸುವರ್ಣ ಅನುಪಾತವನ್ನು, ಅಂದರೆ ಫೈಯನ್ನು, ಆಧಾರ ಮಾಡಿಕೊಂಡರೂ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ. 1957ರಲ್ಲಿ ಗಣಿತಜ್ಞ ಜಾರ್ಜ್ ಬರ್ಗ್‌ಮನ್ ಇದರ ಬಗ್ಗೆ ಲೇಖನ ಪ್ರಕಟಿಸಿದಾಗ ಅವರಿನ್ನೂ ಹುಡುಗ!

ಇಲ್ಲಿ ಅಂಕಿಗಳು 0 ಮತ್ತು 1 ಮಾತ್ರ. ಬಿಂದುವಿನ ಎಡಕ್ಕೆ ಸ್ಥಾನಬೆಲೆ 1, 1.618, 2.618, 4.236 ಹೀಗೆ ಏರುತ್ತದೆ. ಬಲಕ್ಕೆ 0.618, 0.382, 0.236 ಅಂತ ಇಳಿಯುತ್ತದೆ. ಪಕ್ಕಪಕ್ಕದ ಯಾವ ಎರಡನ್ನು ಕೂಡಿದರೂ ಅವುಗಳ ಎಡಕ್ಕಿರುವ ಬೆಲೆ ಸಿಗುತ್ತದೆ. ಹಾಗಾಗಿ 011 ಕಂಡಲ್ಲಿ 100 ಬರೆಯಬಹುದು, 100 ಕಂಡಲ್ಲಿ 011 ಅಂತ ಬಿಡಿಸಲೂಬಹುದು. ಈ ಪದ್ಧತಿಯ ಜೀವಾಳವೇ ಈ ನಿಯಮ.

2 ಬರೆಯೋಣ. ಒಂದಕ್ಕೆ ಒಂದು ಸೇರಿಸಬೇಕು, ಆದರೆ ಆ ಸ್ಥಾನದಲ್ಲಿ ಆಗಲೇ 1 ಇದೆ. ಸರಿ, ಸೇರಿಸುವ ಒಂದನ್ನು 0.11 ಅಂತ ಬಿಡಿಸಿಕೊಂಡರೆ 1.11 ಆಯಿತು, ಅದರಲ್ಲಿ ಮೊದಲ ಎರಡು ಒಂದುಗಳು ಸೇರಿ ಎಡಕ್ಕೆ ಹೋದರೆ ಉಳಿಯುವುದು 10.01. ಕೂಡಿ ನೋಡಿ, 1.618 ಮತ್ತು 0.382 ಸೇರಿ ಎರಡೇ ಅಲ್ವಾ? ಹೀಗೇ 3 ಅಂದರೆ 100.01, 4 ಅಂದರೆ 101.01, 5 ಅಂದರೆ 1000.1001. ಆಧಾರ ಅಭಾಗಲಬ್ಧವಾಗಿದ್ದರೂ ಎಲ್ಲ ಪೂರ್ಣ ಸಂಖ್ಯೆಗಳೂ ಬಿಂದುವಿನ ನಂತರ ಕೆಲವೇ ಅಂಕಿಗಳಲ್ಲಿ ಮುಗಿದುಬಿಡುತ್ತವೆ. ಇದು ನನಗೆ ಇವತ್ತಿಗೂ ಅಚ್ಚರಿ.

ಕೆಲವು ಸಂಖ್ಯೆಗಳಂತೂ ಇನ್ನೂ ಸೊಗಸು. 3, 7, 18, 47 ತೆಗೆದುಕೊಳ್ಳಿ. 7 ಅಂದರೆ 10000.0001, 18 ಅಂದರೆ 1000000.000001. ಎರಡೇ ಒಂದುಗಳು, ಒಂದರ ಸ್ಥಾನದಿಂದ ಎರಡೂ ಕಡೆ ಸಮ ದೂರದಲ್ಲಿ. ಫೈಯ ಸಮ ಘಾತವನ್ನೂ ಅದರ ವಿಲೋಮವನ್ನೂ ಕೂಡಿದಾಗ ಐದರ ವರ್ಗಮೂಲ ಇರುವ ಭಾಗಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಪೂರ್ಣ ಸಂಖ್ಯೆಯೊಂದೇ ಉಳಿಯುತ್ತದೆ. ಇವೆಲ್ಲ ಲ್ಯೂಕಾಸ್ ಸಂಖ್ಯೆಗಳು, ಅಂದರೆ ಹಿಂದಿನ ಎರಡನ್ನು ಕೂಡಿ ಮುಂದಿನದನ್ನು ಪಡೆಯುವ 1, 3, 4, 7, 11, 18… ಎಂಬ ಸಾಲಿನವು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು 11. ಅದು 1, 3, 7ರ ಮೊತ್ತ. ಈ ಮೂರೂ ಸಂಖ್ಯೆಗಳ ರೂಪಗಳನ್ನು ಒಂದರ ಮೇಲೊಂದು ಇಟ್ಟರೆ ಯಾವ ಒಂದೂ ಇನ್ನೊಂದಕ್ಕೆ ತಾಗುವುದಿಲ್ಲ, ಹಾಗಾಗಿ ಏನೂ ತಿದ್ದದೆ 10101.0101 ಸಿಗುತ್ತದೆ. ಇದಕ್ಕೆ 18 ಸೇರಿಸಿ, 29 ಬಂತು: 1010101.010101. ಮತ್ತೆ 47 ಸೇರಿಸಿದರೆ 76, ಅದೇ ವಿನ್ಯಾಸ ಎರಡೂ ಕಡೆ ಇನ್ನಷ್ಟು ಉದ್ದ.

ಪೂರ್ಣ ಸಂಖ್ಯೆಗಳಿಗೆ ಇಷ್ಟು ಒಗ್ಗುವ ಈ ಆಧಾರದಲ್ಲಿ ಅರ್ಧವನ್ನು ಬರೆಯಲು ಹೋದರೆ ಮಾತ್ರ ಮುಗಿಯುವುದೇ ಇಲ್ಲ: 0.010010010…