ವೆಸ್ಟ್ ಹೈಲ್ಯಾಂಡ್ ವೇ: ಓದಲು ಹೋದ ನಾಡಿನಲ್ಲಿ ಏಳು ದಿನದ ನಡಿಗೆ

ಸ್ಕಾಟ್ಲೆಂಡಿಗೆ ಓದಲು ಹೊರಟವರಿಗೆ ಚಳಿ, ಮಳೆ, ಬಾಡಿಗೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಗಡಿಯಾರದ ಬಗ್ಗೆ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಗ್ಲಾಸ್ಗೋದಲ್ಲಿ ನಾಲ್ಕು ಗಂಟೆಗೂ ಮೊದಲೇ ಸೂರ್ಯ ಮುಳುಗುತ್ತಾನೆ. ತರಗತಿ ಮುಗಿಸಿ, ಅಡುಗೆ ಮಾಡಿಕೊಂಡು, ತಟ್ಟೆ ಹಿಡಿದು ಕೂರುವಾಗ ಏಳೂವರೆ. ಭಾರತದಲ್ಲಿ ಆಗ ರಾತ್ರಿ ಒಂದು ಗಂಟೆ. ಅಮ್ಮನ ದನಿ ಕೇಳಬೇಕೆಂದು ಜೀವ ಹಾತೊರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಆ ಚಳಿಗಾಲವನ್ನು ನಾನು ಕಳೆದದ್ದು ಕಷ್ಟಪಟ್ಟೇ.

ಮೇ ಕೊನೆಯಲ್ಲಿ, ಪರೀಕ್ಷೆ ಮುಗಿದ ಮೇಲೆ, ಇಬ್ಬರು ಸಹಪಾಠಿಗಳ ಜೊತೆ ವೆಸ್ಟ್ ಹೈಲ್ಯಾಂಡ್ ವೇ ನಡೆದೆ. ಗ್ಲಾಸ್ಗೋ ಪಕ್ಕದ ಮಲ್‌ಗೈಯಿಂದ ಫೋರ್ಟ್ ವಿಲಿಯಂವರೆಗೆ 154 ಕಿಲೋಮೀಟರ್. 1980ರಲ್ಲಿ ತೆರೆದ, ಸ್ಕಾಟ್ಲೆಂಡಿನ ಮೊದಲ ಅಧಿಕೃತ ದೂರದ ಕಾಲುದಾರಿ ಇದು. (ಮಲ್‌ಗೈ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದು ನೋಡಿದರೆ ‘ಮಿಲ್ನ್‌ಗೇವೀ’ ಎಂದೇ ಓದುತ್ತೀರಿ. ಟಿಕೆಟ್ ಕೇಳುವಾಗ ನೆನಪಿರಲಿ.) ಅದೇ ದಾರಿಗೆ ಹೊರಡುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು: ನೇರವಾಗಿ ಏಳು ದಿನದ ನಡಿಗೆಗೆ ಇಳಿಯಬೇಡಿ. ಮನಸ್ಸು ಭಾರವಾಗಿರುವಾಗ ಒಂಟಿಯಾಗಿ ಬೆಟ್ಟಕ್ಕೆ ಹೋದರೆ ಹಗುರಾಗುತ್ತದೆ ಎಂದು ನಾನೂ ನಂಬಿದ್ದೆ. ಅದು ನಿಜವಲ್ಲ. ವಿಶ್ವವಿದ್ಯಾಲಯದ ಚಾರಣ ಕ್ಲಬ್ ಸೇರಿ. ಅಲ್ಲಿ ದಾರಿ ಬಲ್ಲವರು ಸಿಗುತ್ತಾರೆ, ಎಷ್ಟೋ ಕ್ಲಬ್‌ಗಳಲ್ಲಿ ಸಾಮಾನೂ ಎರವಲು ಸಿಗುತ್ತದೆ. ನಾನು ಮಾರ್ಚಿನಲ್ಲಿ ಕ್ಲಬ್ಬಿನವರ ಜೊತೆ ಕಾನಿಕ್ ಹಿಲ್ ಹತ್ತಿದೆ. 361 ಮೀಟರಿನ ಪುಟ್ಟ ಗುಡ್ಡ, ಆದರೆ ನೆತ್ತಿಯಲ್ಲಿ ನಿಂತರೆ ಲಾಕ್ ಲೋಮಂಡ್ ಸರೋವರ, ಅದರಲ್ಲಿ ಸಾಲಾಗಿ ಕೂತ ದ್ವೀಪಗಳು ಕಾಣುತ್ತವೆ. ನೆಲದೊಳಗೆ ಹೈಲ್ಯಾಂಡಿನ ಬಂಡೆಗಳೂ ತಗ್ಗುನಾಡಿನ ಬಂಡೆಗಳೂ ಸಂಧಿಸುವ ಬಿರುಕು ಹಾದುಹೋಗುವುದು ಇಲ್ಲೇ. ಆ ದ್ವೀಪಗಳ ಸಾಲು ಅದೇ ಗೆರೆಯ ಮುಂದುವರಿಕೆ. ಮೂರು ತಿಂಗಳಲ್ಲಿ ಮೊದಲ ಸಲ, ನಾನಿರುವ ಊರನ್ನು ಕುತೂಹಲದಿಂದ ನೋಡಿದ್ದೆ.

ನಾವು ತಂಗಿದ್ದು ಕ್ರಮವಾಗಿ ಡ್ರಿಮೆನ್, ರೋವರ್ಡೆನನ್, ಇನ್ವರಾರ್ನನ್, ಟೈಂಡ್ರಮ್, ಕಿಂಗ್ಸ್‌ಹೌಸ್, ಕಿನ್‌ಲಾಕ್‌ಲೆವೆನ್, ಏಳನೆಯ ದಿನ ಫೋರ್ಟ್ ವಿಲಿಯಂ. ಟೈಂಡ್ರಮ್‌ನಿಂದ ಕಿಂಗ್ಸ್‌ಹೌಸ್‌ವರೆಗಿನ ದಿನ ಸುಮಾರು 30 ಕಿಲೋಮೀಟರ್. ಅದರ ಕೊನೆಯ ಭಾಗ ರಾನಕ್ ಮೂರ್ ಎಂಬ ಬಯಲ ಅಂಚಿನಲ್ಲಿ ಸಾಗುತ್ತದೆ. ಎಲ್ಲಿ ನೋಡಿದರೂ ಜವುಗು, ನೀರಿನ ಮಡು, ಆಸರೆಗೆ ಒಂದು ಸೂರೂ ಇಲ್ಲ. ಮಳೆಗಾಳಿ ಇದ್ದರೆ ಆ ದಿನವನ್ನು ಎರಡಾಗಿ ಒಡೆಯಿರಿ, ಹಟ ಬೇಡ. ಹೊತ್ತು ಅಂದಾಜು ಮಾಡಲು ಇಲ್ಲಿನವರ ಹಳೆಯ ಲೆಕ್ಕ ಚೆನ್ನಾಗಿದೆ: ಗಂಟೆಗೆ ಐದು ಕಿಲೋಮೀಟರ್, ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ ಹೆಚ್ಚು. ಬೆನ್ನ ಮೇಲೆ ಹೊರೆ ಇದ್ದ ನಮಗೆ ಅದರ ಮೇಲೆ ಕಾಲು ಭಾಗ ಹೆಚ್ಚೇ ಹಿಡಿಯಿತು.

ಅತ್ಯಂತ ಕಷ್ಟದ್ದು ಮೂರನೆಯ ದಿನ. ನಕ್ಷೆಯಲ್ಲಿ ಸರೋವರದ ದಡದುದ್ದಕ್ಕೂ ಸಪಾಟು ಗೆರೆ. ಇನ್ವರ್‌ಸ್ನೇಡ್ ದಾಟಿದ ಮೇಲೆ ನೋಡಿದರೆ ಬಂಡೆ, ಬೇರು, ಕೈಯೂರಿ ಇಳಿಯುವ ಜಾಗಗಳು. ಓಕ್ ಮರಗಳ ಬುಡದಲ್ಲಿ ನೀಲಿ ಬ್ಲೂಬೆಲ್ ಹೂಗಳು ಹಾಸಿದ್ದವು. ಅಲ್ಲಿ, ನೀರಿನ ಆಚೆ ದಡದಿಂದ, ಒಂದು ಹಕ್ಕಿ ಕೂಗಿತು. ಕುಕ್-ಕೂ, ಕುಕ್-ಕೂ. ಆ ನಾಡಿನ ಕೋಗಿಲೆ. ನಮ್ಮ ಕೋಗಿಲೆ ಕೂಗಿದಂತೆಲ್ಲ ದನಿ ಏರಿಸುತ್ತ ಹೋಗುತ್ತದಲ್ಲ, ಇದು ಹಾಗಲ್ಲ. ಎರಡನೆಯ ಸ್ವರಕ್ಕೆ ಇಳಿಯುತ್ತದೆ, ಮತ್ತೆ ಅಲ್ಲಿಂದಲೇ ಶುರು. ನನ್ನ ಕಿವಿ ಏರುದನಿಗಾಗಿ ಕಾದೇ ಕಾಯಿತು. ಒದ್ದೆ ಬಂಡೆಯ ಮೇಲೆ ಕೂತು ಅತ್ತೆ. ಜೊತೆಗಿದ್ದ ಗೆಳತಿ ಏನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಬೂಟು ಬಿಚ್ಚಿ, ಕಾಲುಚೀಲ ಹಿಂಡಿ, ನನಗೂ ಒಂದು ಒಣ ಜೊತೆ ಕೊಟ್ಟಳು. ಎಂಟು ತಿಂಗಳಿನಿಂದ ಒಳಗೇ ಹಿಡಿದಿಟ್ಟದ್ದು ಹೊರಗೆ ಬಂದದ್ದು ಅಲ್ಲಿ. ಆಮೇಲೆ ನಡಿಗೆ ಸಲೀಸಾಯಿತು ಎಂದು ಹೇಳಲಾರೆ, ಬೇರುಗಳೇನೂ ಕಡಿಮೆಯಾಗಲಿಲ್ಲ. ಆದರೆ ಹಸಿವಾಯಿತು, ರಾತ್ರಿ ನಿದ್ದೆ ಬಂತು.

ಅದೇ ದಿನ ಒಂದು ದೊಡ್ಡ ತಪ್ಪೂ ಆಯಿತು. ಸಂಜೆ ಫೋನ್ ಮಾಡುತ್ತೇನೆಂದು ಅಮ್ಮನಿಗೆ ಹೇಳಿದ್ದೆ. ಕಾಡಿನಲ್ಲಿ ಸಿಗ್ನಲ್ ಇರಲಿಲ್ಲ, ತಲುಪುವಾಗ ಏಳು ದಾಟಿತ್ತು. ಅಂದರೆ ಮನೆಯಲ್ಲಿ ಹನ್ನೊಂದೂವರೆ. ಬೇಸಿಗೆಯಲ್ಲಿ ಅಂತರ ನಾಲ್ಕೂವರೆ ಗಂಟೆ, ಅಕ್ಟೋಬರಿನ ಕೊನೆಯ ಭಾನುವಾರದಿಂದ ಐದೂವರೆ. ನಮಗೆ ಹತ್ತು ಗಂಟೆಯವರೆಗೂ ಬೆಳಕಿರುವುದರಿಂದ ತಡವಾಯಿತು ಅನ್ನಿಸುವುದೇ ಇಲ್ಲ. ಅಮ್ಮ ಅಪ್ಪ ಕತ್ತಲಲ್ಲಿ ಕೂತು ಕಾದಿದ್ದರು.

ಮರುದಿನದಿಂದ ಕ್ರಮ ಬದಲಿಸಿದೆ, ನೀವು ಮೊದಲಿನಿಂದಲೇ ಹೀಗೆ ಮಾಡಿ. ಮನೆಗೆ ಫೋನ್ ಬೆಳಗ್ಗೆ, ಹೊರಡುವ ಮುಂಚೆ. ಅಲ್ಲಿ ಆಗ ಮಧ್ಯಾಹ್ನ, ಇಬ್ಬರೂ ಆರಾಮಾಗಿರುತ್ತೀರಿ. ಸಂಜೆ ಮಾತಾಡುತ್ತೇನೆಂದು ಮಾತು ಕೊಡಲೇಬೇಡಿ. ಹುಡುಕುವ ಹೊಣೆಯನ್ನು ಮನೆಯವರ ಮೇಲೆ ಹಾಕದೆ, ಆ ದೇಶದಲ್ಲೇ ಇರುವ ಒಬ್ಬರಿಗೆ ದಾರಿ, ತಂಗುವ ಜಾಗ, ತಲುಪುವ ಹೊತ್ತು ಬರೆದುಕೊಡಿ. ಇಷ್ಟು ಹೊತ್ತಾದರೂ ಸುದ್ದಿ ಬಾರದಿದ್ದರೆ ಅವರು ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸರನ್ನು, ಆಮೇಲೆ ಮೌಂಟನ್ ರೆಸ್ಕ್ಯೂ ತಂಡವನ್ನು ಕೇಳಬೇಕು. ಬೆಟ್ಟದಲ್ಲಿ ಹುಡುಕಲು ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. ಅದೇ 999ಕ್ಕೆ ಸಂದೇಶ ಕಳಿಸುವ ಸೌಲಭ್ಯವೂ ಇದೆ, ಆದರೆ ಮೊದಲೇ ನೋಂದಾಯಿಸಿರಬೇಕು. ಹೊರಡುವ ಮುಂಚೆ ಮುಗಿಸಿಬಿಡಿ.

ಡೇರೆ ಹಾಕುವವರಿಗೆ: 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನ ಬಹುಪಾಲು ಬಯಲಿನಲ್ಲಿ ಜವಾಬ್ದಾರಿಯಿಂದ ತಂಗಬಹುದು. ಲಾಕ್ ಲೋಮಂಡ್‌ನ ಪೂರ್ವ ದಡದ ಕೆಲವು ಭಾಗಗಳಲ್ಲಿ ಮಾತ್ರ ಮಾರ್ಚಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಪರವಾನಗಿ ಬೇಕು. ಮಿಜ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊರಜು ಗಾಳಿ ನಿಂತ ಸಂಜೆಗಳಲ್ಲಿ ಮುತ್ತುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ವಿಪರೀತ, ಹಾಗಾಗಿ ಮೇ ಒಳ್ಳೆಯದು. ತಲೆಗೆ ಹಾಕುವ ಬಲೆ ತೂಕವಿಲ್ಲದ್ದು, ಇಟ್ಟುಕೊಳ್ಳಿ. ಪ್ರತಿ ರಾತ್ರಿ ಮೊಣಕಾಲ ಹಿಂದೆ, ಸೊಂಟದ ಸುತ್ತ ಉಣ್ಣಿ ಕಚ್ಚಿದೆಯೇ ನೋಡಿಕೊಳ್ಳಿ. ಅದರಿಂದ ಲೈಮ್ ಕಾಯಿಲೆ ಬರಬಹುದು. ಕೀಳಲು ಚಿಕ್ಕ ಕೊಕ್ಕೆಯೊಂದು ಸಿಗುತ್ತದೆ.

ಇನ್ನೊಂದು ಕೆಲಸ ಮಾಡಿದ್ದೆ: ಏಳು ದಿನದ ಊರುಗಳ ಹೆಸರನ್ನು ಉಚ್ಚಾರಣೆ ಹೇಗಿದೆಯೋ ಹಾಗೆ ಕನ್ನಡದಲ್ಲಿ ಬರೆದು ಅಮ್ಮನಿಗೆ ಕಳಿಸಿದ್ದೆ. ಅಮ್ಮ ಅದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡು ಒಂದೊಂದೇ ಹೆಸರಿಗೆ ಗೆರೆ ಎಳೆಯುತ್ತಿದ್ದರಂತೆ. ಡೆವಿಲ್ಸ್ ಸ್ಟೇರ್‌ಕೇಸ್ ಎಂಬ ಏರು, ಇಡೀ ದಾರಿಯ ಅತಿ ಎತ್ತರದ ಜಾಗ, ಸುಮಾರು 550 ಮೀಟರ್. ಅದನ್ನು ಹತ್ತುವ ಬೆಳಗ್ಗೆ ಫೋನಿನಲ್ಲಿ ಮೊದಲು ಕೇಳಿದ್ದು ಅವರೇ, “ಇವತ್ತು ದೆವ್ವದ ಮೆಟ್ಟಿಲಲ್ವಾ, ಮಳೆ ಇದೆಯೇನೇ?”

ಫೋರ್ಟ್ ವಿಲಿಯಂ ತಲುಪಿದಾಗ ಮಧ್ಯಾಹ್ನ ಮೂರು. ದಾರಿ ಮುಗಿಯುವ ಗಾರ್ಡನ್ ಸ್ಕ್ವೇರ್‌ನಲ್ಲಿ, ನೋಯುವ ಪಾದವನ್ನು ಕೈಯಲ್ಲಿ ಹಿಡಿದು ಕೂತ ಮನುಷ್ಯನ ಪ್ರತಿಮೆಯಿದೆ. ಅದರ ಪಕ್ಕ ಕೂತು ಮನೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ಏಳೂವರೆ, ಎಲ್ಲರೂ ಎಚ್ಚರವಾಗಿದ್ದರು. ಕೊನೆಯ ಹೆಸರಿಗೂ ಗೆರೆ ಎಳೆದಾಯಿತು ಎಂದ ಅಮ್ಮ, “ಮಲ್‌ಗೈಗೆ ವಾಪಸ್ ಹೋಗೋಕೆ ರೈಲಿದೆಯಾ?” ಎಂದು ಕೇಳಿದರು. ಊರಿನ ಹೆಸರು ಅವರ ಬಾಯಲ್ಲಿ ಎಷ್ಟು ಸರಿಯಾಗಿತ್ತು. ಗ್ಲಾಸ್ಗೋಗೆ ರೈಲಿದೆ, ಸುಮಾರು ನಾಲ್ಕು ಗಂಟೆಯ ದಾರಿ, ರಾನಕ್ ಮೂರ್ ಮೇಲೇ ಹಾದುಹೋಗುತ್ತದೆ ಎಂದೆ. ದಿನಕ್ಕೆ ಕೆಲವೇ ರೈಲುಗಳಿರುವುದರಿಂದ ಹಿಂದಿರುಗುವ ಟಿಕೆಟ್ ಮೊದಲೇ ತೆಗೆದಿಡಿ.