ಮೇಷ್ಟ್ರು ಹೇಳುತ್ತಿದ್ದ ಬ್ಲ್ಯಾಕ್ ಮೌಂಟನ್ ಬೇಸಿಗೆ

ಚಿತ್ರಕಲಾ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಬ್ಯಾಚಿನವರಿಗೆ ನೆನಪಾದದ್ದು ಪರೀಕ್ಷೆಗೆ ಓದಿದ ಯಾವ ಪಾಠವೂ ಅಲ್ಲ. ಬೇಸಿಗೆ ಶಿಬಿರದಲ್ಲಿ ಅವರು ಪ್ರತಿವರ್ಷ ಹೇಳುತ್ತಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿನ ಕಥೆ, ಅದರ ಜೊತೆಗೇ ಮಾಡಿಸುತ್ತಿದ್ದ ಕಾಗದದ ಕೆಲಸ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಆಶ್‌ವಿಲ್ ಊರಿನ ಹತ್ತಿರ 1933ರಲ್ಲಿ ಶುರುವಾದ ಪುಟ್ಟ ಕಾಲೇಜು ಅದು. ಕಡ್ಡಾಯ ವಿಷಯಗಳೇ ಇರಲಿಲ್ಲ. ಹೊಲದ ಕೆಲಸಕ್ಕೆ ಗುರುಗಳೂ ಶಿಷ್ಯರೂ ಒಟ್ಟಿಗೆ ಇಳಿಯುತ್ತಿದ್ದರು, ಲೇಕ್ ಈಡನ್ ಕೆರೆಯ ಪಕ್ಕದ ದೊಡ್ಡ ಕಟ್ಟಡವನ್ನೂ ಕೈಯಾರೆ ಕಟ್ಟಿಕೊಂಡರು. ಅಲ್ಲಿ 1944ರಿಂದ ಬೇಸಿಗೆಯ ಕಲಾ ಶಿಬಿರಗಳು ನಡೆದವು. 1957ರಲ್ಲಿ ಕಾಲೇಜೇ ಮುಚ್ಚಿತು.

ಜರ್ಮನಿಯ ಬೌಹೌಸ್ ಕಲಾಶಾಲೆ ಮುಚ್ಚಿದ ಮೇಲೆ ಬಂದ ಚಿತ್ರಕಾರ ಯೋಸೆಫ್ ಆಲ್ಬರ್ಸ್ ಅಲ್ಲಿ 1949ರವರೆಗೆ ಕಲಿಸಿದರು. ಬಣ್ಣದ ಅಭ್ಯಾಸಕ್ಕೆ ಅವರು ಬಳಸಿದ್ದು ಬಣ್ಣದ ಕಾಗದ. ಕುಂಚದಲ್ಲಿ ಬಳಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಕಾಗದದಲ್ಲಿ ಅದೇ ಬಣ್ಣ ಎಷ್ಟು ಸಲ ಬೇಕಾದರೂ ಹಾಗೆಯೇ ಸಿಗುತ್ತದೆ.

ನಮ್ಮ ಮೇಷ್ಟ್ರು ಮಾಡಿಸುತ್ತಿದ್ದುದೂ ಅದನ್ನೇ. ಆರಿಂಚಿನ ಎರಡು ಚೌಕ, ಒಂದು ಕಡು, ಒಂದು ತಿಳಿ. ಎರಡರ ನಡುವಿನ ಬಣ್ಣದ ಒಂದೇ ಹಾಳೆಯಿಂದ ಕತ್ತರಿಸಿದ ಒಂದಿಂಚಿನ ಎರಡು ಚೂರು. ಒಂದೊಂದು ಚೌಕದ ನಡುವೆ ಒಂದೊಂದನ್ನು ಅಂಟಿಸಿದರೆ ಒಂದೇ ಬಣ್ಣ ಎರಡಾಗಿ ಕಾಣಬೇಕು. ಚೂರು ದೊಡ್ಡದಾದರೆ ಕಾಣುವುದಿಲ್ಲ, ಸುತ್ತಲಿನ ಬಣ್ಣಕ್ಕೆ ಅದನ್ನು ಎಳೆಯುವ ಬಲ ಸಾಲದು. ಗಾಳಿಪಟದ ಕಾಗದ ಬೇಡ, ಅಡಿಯ ಬಣ್ಣ ಮೇಲಕ್ಕೆ ಹಾಯುತ್ತದೆ. ಹೊಳಪಿನ ಆಮಂತ್ರಣ ಪತ್ರಿಕೆಯೂ ಬೇಡ, ಬೆಳಕು ಪ್ರತಿಫಲಿಸಿ ಕಣ್ಣು ಮೋಸಹೋಗುತ್ತದೆ. ನೋಡುವುದು ಹಗಲ ಬೆಳಕಿನಲ್ಲೇ.

ನಮ್ಮಲ್ಲೊಬ್ಬ ಎರಡು ಬೇರೆ ಛಾಯೆಯ ಚೂರು ಅಂಟಿಸಿ ಗೆದ್ದೆನೆಂದು ತೋರಿಸಿದ. ಮೇಷ್ಟ್ರು ಬೈಯಲಿಲ್ಲ. ಚೂರುಗಳನ್ನು ಮೆಲ್ಲಗೆ ಕಿತ್ತು, ಅಕ್ಕಪಕ್ಕ ಬಿಳಿ ಹಾಳೆಯ ಮೇಲಿಟ್ಟರು. ಅಂದಿನಿಂದ ನಿಯಮ ಬದಲಾಯಿತು: ಪ್ರತಿ ಚೂರಿಗೂ ಚೌಕದಾಚೆಗೆ ಚಾಚುವ ಬಾಲವಿರಬೇಕು, ಎರಡು ಬಾಲ ಕೂಡಿದಲ್ಲಿ ಗೆರೆ ಕಾಣಬಾರದು.

ಅವರಿಗೆ ಬಲು ಪ್ರಿಯವಾದದ್ದು 1948ರ ಬೇಸಿಗೆ. ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ವಿದ್ಯಾರ್ಥಿಗಳೊಂದಿಗೆ ಕಿಟಕಿಯ ವೆನೀಶಿಯನ್ ಬ್ಲೈಂಡಿನ ಪಟ್ಟಿಗಳಿಂದ 48 ಅಡಿ ವ್ಯಾಸದ ಗುಮ್ಮಟ ಎಬ್ಬಿಸಲು ಹೊರಟರು. ಅದು ಏಳಲೇ ಇಲ್ಲ. ತೆಳು ಪಟ್ಟಿ ಎಳೆತಕ್ಕೆ ಗಟ್ಟಿ, ಆದರೆ ಒತ್ತಡ ಬಿದ್ದರೆ ಬಾಗುತ್ತದೆ. ಇಷ್ಟು ಅಗಲಕ್ಕೆ ತನ್ನ ಭಾರವನ್ನೇ ತಾಳದು. ನೆಲಕ್ಕೊರಗಿದ ಅದಕ್ಕೆ ಅಲ್ಲಿನವರು ಮಲಗಿದ ಗುಮ್ಮಟ ಎಂದೇ ಹೆಸರಿಟ್ಟರು. ಮರುವರ್ಷ ಫುಲ್ಲರ್ ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಕೊಳವೆ ತಂದರು. ವ್ಯಾಸ 14 ಅಡಿಗಿಳಿಯಿತು. ಈ ಸಲ ಗುಮ್ಮಟ ನಿಂತಿತು, ಶಿಷ್ಯರು ಅದರ ಚೌಕಟ್ಟಿಗೆ ಜೋತುಬಿದ್ದು ನೋಡಿದರು. ಪಟ್ಟಿಯ ಜಾಗಕ್ಕೆ ಕೊಳವೆ ಏಕೆ ಬಂತೆಂದು ನಮಗೆ ತಿಳಿಯಲು ಮೇಷ್ಟ್ರು ಒಂದು ಪೋಸ್ಟ್‌ಕಾರ್ಡನ್ನು ನೇರ ನಿಲ್ಲಿಸಲು ಹೇಳುತ್ತಿದ್ದರು, ಆಮೇಲೆ ಅದನ್ನೇ ಸುರುಳಿ ಸುತ್ತಿ ನಿಲ್ಲಿಸಿ ಮೇಲೆ ಪುಸ್ತಕ ಹೇರಿಸುತ್ತಿದ್ದರು.

ಸಂಗೀತ ರಚನೆಕಾರ ಜಾನ್ ಕೇಜ್ ಅಲ್ಲಿಗೆ ಬಂದದ್ದೂ 1948ರಲ್ಲೇ. ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ರಬ್ಬರ್ ಚೂರು ಸಿಕ್ಕಿಸಿದ ಪಿಯಾನೊಗೆ ಅವರು ಬರೆದ ರಚನೆಗಳ ಹಿಂದೆ ನಮ್ಮ ನವರಸಗಳಿದ್ದವು ಎಂದು ಹೇಳುವಾಗ ಮೇಷ್ಟ್ರ ದನಿ ಏರುತ್ತಿತ್ತು.

ಈಗಿನ ಮಕ್ಕಳು ಪರದೆಯ ಮೇಲೆ ಬಣ್ಣ ಆರಿಸುತ್ತಾರೆ, ಅಂಕಕ್ಕೆ ಹಾಳೆ ಒಪ್ಪಿಸುತ್ತಾರೆ. ಬೇಸಿಗೆ ಶಿಬಿರ ನಿಂತೇಹೋಗಿದೆ. ನಮ್ಮ ಬ್ಯಾಚಿನವರು ಮುದ್ರಣಾಲಯ, ಸೀರೆ ಅಂಗಡಿ, ಶಾಲೆ ಎಲ್ಲೇ ಇರಲಿ, ಬಣ್ಣದ ವಿಚಾರಕ್ಕೆ ಜನ ಇಂದಿಗೂ ನಮ್ಮನ್ನೇ ಕೇಳುತ್ತಾರೆ.

ಮೇಷ್ಟ್ರು ಕೂಡಿಟ್ಟ ಬಣ್ಣದ ಕಾಗದದ ಡಬ್ಬಿ ಸ್ಟುಡಿಯೋದ ಕಪಾಟಿನಲ್ಲಿದೆ. ಮಳೆಗಾಲಕ್ಕೆ ಮುಂಚೆ ಅದನ್ನೊಮ್ಮೆ ತೆರೆದು ಹರಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಮಾತ್ರ ಬೇಡ, ಕೆಂಪು ಮೊದಲು ಮಾಸುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ.