ಶಾರ್ಕ್ ಬಾಯಿಂದ ಹೊರಬಂದ ಹಾಕಿ: ಸ್ಯಾನ್ ಹೊಸೆಯಲ್ಲಿ ಒಂದು ಸಂಜೆ

ವಿರಾಜಪೇಟೆಯ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು ನಾನು. ಕೊಡಗಿನಲ್ಲಿ ಅಷ್ಟು ಕಾಲ ಇದ್ದವನಿಗೆ ಹಾಕಿಯ ಬಗ್ಗೆ ಸ್ವಲ್ಪ ಅಹಂಕಾರ ಬಾರದೆ ಇರುವುದಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭವಾದ ಮೇಲೆ ಬೇಸಿಗೆ ರಜೆಯ ಎಷ್ಟೋ ಮಧ್ಯಾಹ್ನಗಳನ್ನು ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ಕಳೆದಿದ್ದೇನೆ. ಹಾಗಾಗಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಮಗಳ ಮನೆಯಲ್ಲಿ ಅಳಿಯ, "ಮಾವ, ಗುರುವಾರ ಹಾಕಿ ನೋಡಲು ಹೋಗೋಣವೇ?" ಎಂದು ಕೇಳಿದಾಗ, ಇವರಿಗೆ ನಾನೇ ಆಟ ವಿವರಿಸಬೇಕಾಗಬಹುದು ಎಂದುಕೊಂಡೇ ಹೊರಟೆ. ಆಟ ಶುರುವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ, "ಅದು ಯಾಕೆ ತಾತ?" ಎಂದು ಮೊಮ್ಮಗಳು ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ನಾವು ಹೋದದ್ದು ಸ್ಯಾನ್ ಹೊಸೆ ಶಾರ್ಕ್ಸ್ ತಂಡದ ತವರು ಅಂಗಣವಾದ ಎಸ್‌ಎಪಿ ಸೆಂಟರ್‌ಗೆ. ಅಲ್ಲಿ ಆಡುವುದು ನಮ್ಮ ಮೈದಾನದ ಹಾಕಿಯಲ್ಲ, ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿ ಜಾರುತ್ತಾ ಆಡುವ ಐಸ್ ಹಾಕಿ. ಮಕ್ಕಳ ಮನೆಗೆಂದು ಬೇ ಏರಿಯಾಕ್ಕೆ ಬಂದು, ದೇವಸ್ಥಾನ, ಮಾಲ್, ಗೋಲ್ಡನ್ ಗೇಟ್ ಸೇತುವೆ ಮುಗಿಸಿ, ಇನ್ನೇನು ನೋಡುವುದು ಎಂದು ಕುಳಿತಿರುವ ನನ್ನಂಥ ಹಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಋತು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಬೇಸಿಗೆಯಲ್ಲಿ ಬಂದವರಿಗೆ ಈ ಭಾಗ್ಯವಿಲ್ಲ.

ಕಾರನ್ನು ಮನೆಯಲ್ಲೇ ಬಿಡಿ. ಅಂಗಣದ ಸುತ್ತ ವಾಹನ ನಿಲ್ಲಿಸಲು ಜಾಗವಿದೆ, ಆದರೆ ಅದರ ಬಾಡಿಗೆಯನ್ನು ರೂಪಾಯಿಗೆ ಪರಿವರ್ತಿಸಿದರೆ ಆಟ ನೋಡುವ ಮನಸ್ಸೇ ಹೋಗುತ್ತದೆ. ಡಿರಿಡಾನ್ ರೈಲು ನಿಲ್ದಾಣದಿಂದ ಅಂಗಣಕ್ಕೆ ಐದೇ ನಿಮಿಷದ ನಡಿಗೆ. ಸನ್ನಿವೇಲ್‌ನಿಂದ ಕ್ಯಾಲ್‌ಟ್ರೇನ್ ಹತ್ತಿದರೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. 2024ರಿಂದ ಈ ಮಾರ್ಗದಲ್ಲಿ ವಿದ್ಯುತ್ ರೈಲುಗಳು ಓಡುತ್ತಿವೆ, ಸದ್ದೇ ಇಲ್ಲ. ಅರವತ್ತೈದು ದಾಟಿದವರಿಗೆ ದರ ಸುಮಾರು ಅರ್ಧ. ನಿಲ್ದಾಣದಲ್ಲಿ ಗೇಟು ಇಲ್ಲವೆಂದು ಟಿಕೆಟ್ ಇಲ್ಲದೆ ಹತ್ತಬೇಡಿ, ತಪಾಸಣೆ ರೈಲಿನೊಳಗೆ ನಡೆಯುತ್ತದೆ. ಫ್ರೀಮಾಂಟ್ ಕಡೆಯವರು ಬಾರ್ಟ್ ರೈಲಿನಲ್ಲಿ ಬೆರಿಯೆಸ್ಸಾಕ್ಕೆ ಬಂದು ಅಲ್ಲಿಂದ 500ನೇ ನಂಬರಿನ ಬಸ್ ಹಿಡಿಯಬಹುದು. ಆಟದ ದಿನ ದಾರಿ ಕೇಳುವ ಅಗತ್ಯವೂ ಇಲ್ಲ, ಹಸಿರುನೀಲಿ ಅಂಗಿ ತೊಟ್ಟವರ ಹಿಂದೆ ನಡೆದರೆ ಸಾಕು.

ಊಟದ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನನ್ನಾಕೆ ಅಭ್ಯಾಸಬಲದಿಂದ ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಂಡು ಬೆನ್ನುಚೀಲದಲ್ಲಿ ಇಟ್ಟಿದ್ದಳು. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ, ದೊಡ್ಡ ಚೀಲವನ್ನೂ ಬಿಡುವುದಿಲ್ಲ. ನಿಯಮ ಅವರ ಜಾಲತಾಣದಲ್ಲೇ ಇದೆ, ಓದದೆ ಹೋದವರು ನಾವು. ಕೊನೆಗೆ ನಾಲ್ವರೂ ಬೀದಿಬದಿಯ ಕಟ್ಟೆಯ ಮೇಲೆ ಕುಳಿತು, ಜನವರಿಯ ಚಳಿಯಲ್ಲಿ ಪುಳಿಯೋಗರೆ ಖಾಲಿ ಮಾಡಿದೆವು. ಅಳಿಯ ಅಂಗಡಿಯ ಚೀಲದಂತೆ ಮಡಚಿದ ಬೆನ್ನುಚೀಲವನ್ನು ಎಲ್ಲಿಡುವುದೆಂದು ಪರದಾಡಿದ್ದು ಬೇರೆಯೇ ಕಥೆ. ಚೀಲವಿಲ್ಲದೆ ಹೋಗಿ. ಒಳಗೆ ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುವಂಥದ್ದು ಕಡಿಮೆ, ಬೆಲೆಯೋ ವಿಮಾನ ನಿಲ್ದಾಣದ್ದು. ಬೇಗ ಬಂದರೆ ಹತ್ತು ಹದಿನೈದು ನಿಮಿಷ ನಡೆದು ಸ್ಯಾನ್ ಪೆಡ್ರೊ ಸ್ಕ್ವೇರ್ ಮಾರುಕಟ್ಟೆಯಲ್ಲಿ ತಿಂದು ಬರಬಹುದು.

ಸ್ವೆಟರ್ ಮರೆಯಬೇಡಿ, ಕಿವಿಗೂ ಏನಾದರೂ ಇರಲಿ. ಕಿವಿಯದು ಚಳಿಗಿಂತ ಹೆಚ್ಚಾಗಿ ಸದ್ದಿಗೆ. ಗೋಲಾದಾಗ ಊದುವ ಹಾರ್ನ್‌ಗೆ ಪಕ್ಕದ ಮಗುವೊಂದು ಬೆಚ್ಚಿ ಅತ್ತಿತು. ಶ್ರವಣಯಂತ್ರ ಹಾಕಿಕೊಂಡವರು ಅದರ ಸದ್ದನ್ನು ಮೊದಲೇ ತಗ್ಗಿಸಿಕೊಳ್ಳಿ.

ಇನ್ನು ಸೀಟು. ಇದರ ಬಗ್ಗೆ ನಾನು ಸ್ವಲ್ಪ ಹಟಮಾರಿ. ಕೆಳಗೆ, ಗಾಜಿನ ಗೋಡೆಗೆ ಮೂಗು ತಾಗುವಂತೆ ಕೂರುವ ಸೀಟುಗಳಿಗೆ ಎಲ್ಲಿಲ್ಲದ ಬೆಲೆ. ಆಟಗಾರರು ಗೋಡೆಗೆ ಅಪ್ಪಳಿಸುವುದನ್ನು ನೋಡುವ ಆಸೆಗೆ ಜನ ಅಷ್ಟು ಕೊಡುತ್ತಾರೆ. ಆದರೆ ಅಲ್ಲಿಂದ ಆಚೆ ತುದಿಯಲ್ಲಿ ನಡೆಯುವುದು ಕಾಣುವುದಿಲ್ಲ, ಆಟ ಅರ್ಥವಾಗುವುದಿಲ್ಲ. ಮೊದಲ ಸಲದವರು 200ರ ಸಾಲಿನ, ಅಂದರೆ ಮೇಲಂತಸ್ತಿನ, ಮುಂದಿನ ಸಾಲುಗಳನ್ನು ಹಿಡಿಯಿರಿ. ದರ ಕಡಿಮೆ, ಇಡೀ ಅಂಗಣ ಚದುರಂಗದ ಮಣೆಯಂತೆ ಕೆಳಗೆ ಹರಡಿರುತ್ತದೆ. ಒಂದೇ ತೊಂದರೆ, ಮೆಟ್ಟಿಲು ಕಡಿದು. ಮಂಡಿ ನೋವಿನವರು ಟಿಕೆಟ್ ಕೊಳ್ಳುವಾಗಲೇ ಮೆಟ್ಟಿಲಿಲ್ಲದ ಜಾಗ ಕೇಳಿ. ವಾರದ ನಡುವಿನ ಪಂದ್ಯಗಳು ಶನಿವಾರದವಕ್ಕಿಂತ ಅಗ್ಗ. ಟಿಕೆಟ್ ಮೊಬೈಲಿನಲ್ಲೇ ಬರುವುದರಿಂದ ಬ್ಯಾಟರಿ ತುಂಬಿಸಿಕೊಂಡು ಹೋಗಿ.

ಗೋಲಿನ ಹಿಂದೆ ಮೇಲಿನವರೆಗೆ ಬಲೆ ಕಟ್ಟಿರುತ್ತಾರೆ. ಅದು ದೃಷ್ಟಿಗೆ ಅಡ್ಡ ಎಂದು ಗೊಣಗಬೇಡಿ. 2002ರಲ್ಲಿ ಕೊಲಂಬಸ್ ನಗರದ ಪಂದ್ಯದಲ್ಲಿ ಪಕ್ ಬಡಿದು ಒಬ್ಬ ಬಾಲಕಿ ತೀರಿಕೊಂಡ ಮೇಲೆ ಶಾರ್ಕ್ಸ್ ಆಡುವ ಎನ್‌ಎಚ್‌ಎಲ್ ಲೀಗ್‌ನ ಎಲ್ಲ ಅಂಗಣಗಳಲ್ಲಿ ಇದು ಕಡ್ಡಾಯವಾಯಿತು. ಪಕ್ ಎಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯದಿರಲೆಂದು ಆಟಕ್ಕೆ ಮೊದಲು ಅದನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಇಟ್ಟಿರುತ್ತಾರೆ. ಬಲೆಯಿಲ್ಲದ ಬದಿಗಳಲ್ಲಿ ಕುಳಿತವರು ಮೊಬೈಲ್ ನೋಡುತ್ತಾ ಕೂರಬಾರದು.

ದೀಪ ಆರಿತು. ಛಾವಣಿಯಿಂದ ಸುಮಾರು 17 ಅಡಿಯ ಶಾರ್ಕ್ ತಲೆಯೊಂದು ಇಳಿಯಿತು, ಕೆಂಪು ಕಣ್ಣು, ಬಾಯಿಂದ ಹೊಗೆ. ತವರು ತಂಡದ ಆಟಗಾರರು ಒಬ್ಬೊಬ್ಬರಾಗಿ ಆ ಹಲ್ಲುಗಳ ನಡುವಿನಿಂದ ಜಾರಿ ಬಂದರು. ಯಕ್ಷಗಾನದಲ್ಲಿ ರಾಕ್ಷಸ ವೇಷ ಪರದೆ ಸರಿಸಿ ಬರುವಾಗ ಮಕ್ಕಳಿಗೆ ಆಗುವುದೇ ನನಗೂ ಆಯಿತು. ಇದಕ್ಕಾಗಿಯಾದರೂ ಆಟಕ್ಕೆ ಅರ್ಧ ಗಂಟೆ ಮೊದಲೇ ಸೀಟಿನಲ್ಲಿರಬೇಕು. ಅಭಿಮಾನಿಗಳು ಈ ಜಾಗವನ್ನು ಶಾರ್ಕ್ ಟ್ಯಾಂಕ್ ಎನ್ನುತ್ತಾರೆ. 1993ರಲ್ಲಿ ಬಾಗಿಲು ತೆರೆದ ಮೇಲೆ ಕಟ್ಟಡದ ಹೆಸರು ಮೂರು ಸಲ ಬೋರ್ಡಿನ ಮೇಲೆ ಬದಲಾದರೂ ಟ್ಯಾಂಕ್ ಮಾತ್ರ ಟ್ಯಾಂಕೇ.

ಈಗ ನನ್ನ ಅಹಂಕಾರ ಇಳಿದ ಬಗೆ. ನಮ್ಮ ಹಾಕಿ ಮೈದಾನದ ಮೂರನೇ ಒಂದು ಭಾಗಕ್ಕೂ ಕಡಿಮೆ ಜಾಗ, 200 ಅಡಿ ಉದ್ದ, 85 ಅಡಿ ಅಗಲ. ಒಂದೊಂದು ತಂಡಕ್ಕೆ ಐವರು, ಜೊತೆಗೊಬ್ಬ ಗೋಲ್‌ಕೀಪರ್. ನಮ್ಮ ಹುಡುಗರಿಗೆ ಸ್ಟಿಕ್‌ನ ಚಪ್ಪಟೆ ಮೈಯಲ್ಲೇ ಚೆಂಡು ಮುಟ್ಟಬೇಕೆಂದು ಶಿಳ್ಳೆ ಊದಿ ಊದಿ ದಣಿದಿದ್ದೇನೆ. ಇಲ್ಲಿ ಎರಡೂ ಬದಿ ಬಳಸುತ್ತಾರೆ. ನಮ್ಮಲ್ಲಿ ಚೆಂಡು ಗೆರೆ ದಾಟಿದರೆ ಆಟ ನಿಲ್ಲುತ್ತದೆ. ಇಲ್ಲಿ ಗೋಡೆಯೇ ಒಬ್ಬ ಹೆಚ್ಚಿನ ಆಟಗಾರ, ಪಕ್ಕನ್ನು ಅದಕ್ಕೆ ಬಡಿದು ತಿರುಗಿ ಪಡೆಯುತ್ತಾರೆ, ಗೋಲಿನ ಹಿಂಬದಿಯಲ್ಲೂ ಆಡುತ್ತಾರೆ. ನಾವು ಆಫ್‌ಸೈಡ್ ಬಿಟ್ಟು ಎಷ್ಟೋ ವರ್ಷವಾಯಿತು, ಇಲ್ಲಿ ಅದೇ ಆಟದ ಜೀವ: ಪಕ್ ಎದುರಾಳಿಯ ಕಡೆಯ ನೀಲಿ ಗೆರೆ ದಾಟುವ ಮೊದಲು ದಾಳಿಗಾರ ದಾಟಬಾರದು. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ, ಆಟ ನಡೆಯುತ್ತಿರುವಾಗಲೇ, ಬೆಂಚಿಗೆ ಹಾರಿ ಬೇರೆಯವರಿಗೆ ಜಾಗ ಬಿಡುತ್ತಾರೆ. ಇದು ತಿಳಿಯದೆ ಇವರು ಮುನಿಸಿಕೊಂಡು ಹೋಗುತ್ತಿದ್ದಾರೆಂದು ನಾನು ಭಾವಿಸಿದ್ದೆ.

ಒಂದು ಕಿವಿಮಾತು: ಪಕ್ಕನ್ನು ಹುಡುಕಬೇಡಿ. ಕಣ್ಣು ಸೋಲುತ್ತದೆ. ಆಟಗಾರರ ಭುಜ ಎತ್ತ ತಿರುಗುತ್ತದೆ ಎಂಬುದನ್ನು ನೋಡಿ, ಪಕ್ ತಾನಾಗಿ ಸಿಗುತ್ತದೆ. ಎರಡನೇ ಅವಧಿಯ ಹೊತ್ತಿಗೆ ನನಗೆ ಇದು ಕೈಗೂಡಿತು.

ತಪ್ಪು ಮಾಡಿದವನು ಎರಡು ನಿಮಿಷ ಪೆಟ್ಟಿಗೆಯಂಥ ಜಾಗದಲ್ಲಿ ಕೂರಬೇಕು, ಅಷ್ಟು ಹೊತ್ತು ಅವನ ತಂಡಕ್ಕೆ ಒಬ್ಬ ಕಡಿಮೆ. ಎದುರಾಳಿಗೆ ಹಾಗಾದಾಗ 'ಜಾಸ್' ಎಂಬ ಹಳೆಯ ಸಿನಿಮಾದಲ್ಲಿ ಶಾರ್ಕ್ ಬರುವಾಗ ಕೇಳುವ ಆ ಎರಡು ಸ್ವರಗಳು ಮೊಳಗುತ್ತವೆ, ಇಡೀ ಜನಸ್ತೋಮ ಎರಡು ಕೈಗಳನ್ನು ದವಡೆಯಂತೆ ಅಗಲಿಸಿ ಮುಚ್ಚುತ್ತದೆ. ನನ್ನಾಕೆ ಮೊದಲ ಸಲ ಸುಮ್ಮನಿದ್ದಳು, ಮೂರನೆಯ ಸಲ ಮೊಮ್ಮಗಳಿಗಿಂತ ಜೋರಾಗಿ ದವಡೆ ಬಡಿದಳು. ಇಬ್ಬರು ಆಟಗಾರರು ಕೈಗವಸು ಎಸೆದು ಗುದ್ದಾಡಿದ್ದನ್ನು ಮಾತ್ರ ಅವಳು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಅದಕ್ಕೆ ಶಿಕ್ಷೆ ಬರೀ ಐದು ನಿಮಿಷವಂತೆ. ನನ್ನ ಶಾಲೆಯಲ್ಲಾಗಿದ್ದರೆ ಆ ವರ್ಷವೇ ಮುಗಿಯುತ್ತಿತ್ತು.

ಇಪ್ಪತ್ತು ನಿಮಿಷಗಳ ಮೂರು ಅವಧಿ, ನಡುವೆ ಎರಡು ವಿರಾಮ. ವಿರಾಮದಲ್ಲಿ ಎಲ್ಲರೂ ಶೌಚಾಲಯಕ್ಕೆ ಓಡುತ್ತಾರೆ, ನೀವು ಕುಳಿತೇ ಇರಿ. ಎರಡು ಯಂತ್ರಗಳು ಬಂದು ಗೀರುಬಿದ್ದ ಮಂಜನ್ನು ಕೆರೆದು, ಮೇಲೆ ಬಿಸಿನೀರು ಸವರುತ್ತಾ ಹೋಗುತ್ತವೆ. ಬಿಸಿನೀರೇಕೆ ಎಂದರೆ, ಅದು ಹಳೆಯ ಪದರವನ್ನು ತುಸು ಕರಗಿಸಿ ಅದರೊಡನೆ ಬೆಸೆದುಕೊಳ್ಳುತ್ತದೆ. ಮಂಜಿನ ದಪ್ಪ ಸುಮಾರು ಒಂದು ಇಂಚು, ಕೆಳಗಿನ ಕಾಂಕ್ರೀಟಿನಲ್ಲಿ ತಣ್ಣನೆಯ ದ್ರವ ಹರಿಯುವ ಕೊಳವೆಗಳು. ಬಿಳಿಯೂ ಮಂಜಿನದಲ್ಲ, ಬಣ್ಣ ಬಳಿದದ್ದು. ಈ ಯಂತ್ರವನ್ನು 1949ರಲ್ಲಿ ರೂಪಿಸಿದ ಫ್ರಾಂಕ್ ಜಾಂಬೋನಿ ಇದೇ ಕ್ಯಾಲಿಫೋರ್ನಿಯಾದ, ಹಿಮವೇ ಬೀಳದ ಪ್ಯಾರಾಮೌಂಟ್ ಊರಿನವನು. ಸೆಗಣಿ ಸಾರಿಸಿದ ಅಂಗಳ ಒಣಗುವುದನ್ನು ನೋಡುತ್ತಾ ಕೂರುತ್ತಿದ್ದ ನನ್ನ ಅಜ್ಜಿಗೆ ಇದು ಖಂಡಿತ ಹಿಡಿಸುತ್ತಿತ್ತು.

ಶಾರ್ಕ್ಸ್ ಸೋತರು. 2016ರಲ್ಲಿ ಲೀಗ್‌ನ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ವರೆಗೆ ಹೋಗಿ ಪಿಟ್ಸ್‌ಬರ್ಗ್‌ಗೆ ಸೋತ ತಂಡವಿದು, ಇನ್ನೂ ಒಮ್ಮೆಯೂ ಕಪ್ ಗೆದ್ದಿಲ್ಲ. ಆದರೂ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಆಯ್ಕೆಯಾದ ಮ್ಯಾಕ್ಲಿನ್ ಸೆಲೆಬ್ರಿನಿ ಎಂಬ ಹುಡುಗ ಪಕ್ ಮುಟ್ಟಿದಾಗಲೆಲ್ಲ ಜನ ಸೀಟಿನಂಚಿಗೆ ಸರಿಯುತ್ತಾರೆ.

ಆಟ ಮುಗಿಯಲು ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ. ಹಿಂದಿರುಗುವ ರೈಲಿನ ಸಮಯವನ್ನು ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ. ನಾನು ಯಂತ್ರವನ್ನು ಕೊನೆಯ ಸಲ ನೋಡುತ್ತೇನೆಂದು ನಿಂತು ಒಂದು ರೈಲು ತಪ್ಪಿಸಿದೆ, ಮೊಮ್ಮಗಳು ಅಳಿಯನ ಹೆಗಲ ಮೇಲೆ ನಿದ್ದೆಹೋದಳು, ಮಗಳು ಫೋನಿನಲ್ಲಿ ಗದರಿದ್ದು ನನ್ನನ್ನೇ.

ಇಷ್ಟು ಖರ್ಚು ಬೇಡ ಎನ್ನುವವರಿಗೂ ದಾರಿಯಿದೆ. ಶಾರ್ಕ್ಸ್‌ನ ಕಿರಿಯ ವೃತ್ತಿಪರ ತಂಡ ಬ್ಯಾರಕೂಡ ಇದೇ ಊರಿನ ಟೆಕ್ ಸಿಯು ಅರೆನಾದಲ್ಲಿ ಆಡುತ್ತದೆ. 2022ರಲ್ಲಿ ಕಟ್ಟಿದ ಪುಟ್ಟ ಅಂಗಣ, ಎಲ್ಲಿ ಕುಳಿತರೂ ಹತ್ತಿರ. ಅದರ ಪಕ್ಕದ ರಿಂಕ್‌ನಲ್ಲಿ ಸಾರ್ವಜನಿಕರು ಸ್ಕೇಟ್ ಬಾಡಿಗೆಗೆ ಪಡೆದು ಜಾರಬಹುದು. ಮೊಮ್ಮಗಳು ಮುಂದಿನ ಭಾನುವಾರಕ್ಕೆ ನನ್ನನ್ನು ಒಪ್ಪಿಸಿದ್ದಾಳೆ. ಮಂಡಿಗೆ ಕಟ್ಟುವ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಅಳಿಯ ಹುಡುಕುತ್ತಿದ್ದಾನೆ.